ಮಣ್ಣಿನ ಮಾಳಿಗೆಯೂ ಛಾಯಾಚಿತ್ರವೂ

೧

ನಮ್ಮ ನಾಡಿನ ಕಟ್ಟಡಗಳಲ್ಲಿ ದೇವಾಲಯಕ್ಕೂ ಕೋಟೆಗೂ ಚರಿತ್ರಕಾರರು ದೊರೆತಿದ್ದಾರೆ. ವಾಸದ ಮನೆಗೆ ಅಂಥವರು ದೊರೆತದ್ದು ಬಹಳ ಕಡಿಮೆ. ಈ ಕೊರತೆಯನ್ನು ಈಚೆಗೆ ಛಾಯಾಚಿತ್ರವು ತುಂಬುತ್ತಿರುವಂತೆ ಮೇಲುನೋಟಕ್ಕೆ ಕಾಣುತ್ತದೆ. ಯಜಮಾನನು ತನ್ನ ಅಭಿರುಚಿಗೆ ತಕ್ಕಂತೆ ಹೇಳಿ ಕಟ್ಟಿಸಿದ, ಪ್ರಕೃತಿಯಿಂದ ರೂಪವನ್ನು ಪಡೆದುದೆಂದು ವರ್ಣಿತವಾದ ಮನೆಗಳ ಚಿತ್ರಗಳು ಪತ್ರಿಕೆಗಳಲ್ಲಿಯೂ ಗ್ರಂಥಗಳಲ್ಲಿಯೂ ಹೇರಳವಾಗಿ ಪ್ರಕಟವಾಗುತ್ತಿವೆ. ಮಣ್ಣಿನ ಬಣ್ಣದ ಗೋಡೆ, ಕೊರೆಯದೆ ಬಿಟ್ಟ ಬಂಡೆ, ಅಂಗಳದ ನಡುವೆ ಒಂದು ಮರ, ಸಂಜೆಯ ಹೊಂಬಿಸಿಲು ಇವು ಅಂಥ ಚಿತ್ರಗಳ ಸಾಮಾನ್ಯ ಲಕ್ಷಣಗಳು. ನೋಡುವವರು ಸಂತೋಷಪಡುತ್ತಾರೆ, ಕೆಲವರು ಆ ಚಿತ್ರವನ್ನೇ ಗೌಂಡಿಯ ಕೈಗೆ ಕೊಟ್ಟು ಇಂಥದೇ ಬೇಕೆನ್ನುತ್ತಾರೆ. ಇಷ್ಟು ಪ್ರಭಾವವುಳ್ಳ ಒಂದು ಕಲೆಯನ್ನು ವಿಮರ್ಶೆಯು ಈ ವರೆಗೆ ಗಣನೆಗೆ ತೆಗೆದುಕೊಳ್ಳದಿರುವುದು ಉಚಿತವಾಗಿ ತೋರುವುದಿಲ್ಲ.

ಇಲ್ಲಿ ವಿಚಾರಿಸತಕ್ಕ ಪ್ರಶ್ನೆ ಒಂದೇ. ಪ್ರಕೃತಿಗೆ ಅನುಗುಣವಾದ ಮನೆಯೆಂದು ಹೇಳಿದಾಗ ಅದರ ಛಾಯಾಚಿತ್ರವು ಏನನ್ನು ತೋರಿಸಿದರೆ ಸತ್ಯವಾದ ಚಿತ್ರವೆನಿಸಿಕೊಳ್ಳುವುದು? ಈ ಪ್ರಶ್ನೆಯನ್ನು ಬರಿಯ ಸಿದ್ಧಾಂತವಾಗಿ ಚರ್ಚಿಸುವುದಕ್ಕಿಂತ ಒಂದು ಸೀಮೆಯನ್ನು ಮುಂದಿಟ್ಟುಕೊಂಡು ಚರ್ಚಿಸುವುದು ಮೇಲು. ಕೃಷ್ಣೆ ತುಂಗಭದ್ರೆಗಳ ನಡುವಣ ರಾಯಚೂರು ನಗರ, ದೇವದುರ್ಗ, ಮಾನ್ವಿ ಎಂಬ ಮೂರು ಸ್ಥಳಗಳನ್ನು ಇದಕ್ಕಾಗಿ ಆರಿಸಿಕೊಂಡಿದೆ. ಏಕೆಂದರೆ ಪ್ರಕೃತಿಯು ಮನೆಯ ಆಕಾರವನ್ನು ಹೇಗೆ ವಿಧಿಸುತ್ತದೆ ಎಂಬುದಕ್ಕೆ ಈ ಸೀಮೆಗಿಂತ ಸ್ಪಷ್ಟವಾದ ಉದಾಹರಣೆ ದುರ್ಲಭ. ಮತ್ತು ಆ ಉದಾಹರಣೆಯು ನಮ್ಮ ಕಣ್ಣೆದುರಿಗೇ ಅಳಿಯುತ್ತಿದೆ.

ಮೊದಲು ಎರಡು ಮಾತುಗಳ ಭೇದವನ್ನು ಗೊತ್ತುಮಾಡಿಕೊಳ್ಳಬೇಕು. ಪ್ರಕೃತಿಯನ್ನು ಅನುಕರಿಸುವುದು ಬೇರೆ, ಅನುಸರಿಸುವುದು ಬೇರೆ. ಎಲೆಯ ಆಕಾರದ ಛಾವಣಿಯನ್ನೂ ಶಂಖದ ಸುರುಳಿಯಂಥ ಮೆಟ್ಟಲನ್ನೂ ಕಟ್ಟುವವನು ಅನುಕರಿಸುತ್ತಾನೆ. ಬಿಸಿಲು ಯಾವ ಕಡೆಯಿಂದ ಬೀಳುತ್ತದೆ, ಮಳೆಯ ನೀರು ಎತ್ತ ಹರಿಯುತ್ತದೆ, ಕಾಲ ಕೆಳಗಿನ ಮಣ್ಣು ಯಾವುದು ಎಂಬುದನ್ನು ಕೇಳಿಕೊಂಡು ಕಟ್ಟುವವನು ಅನುಸರಿಸುತ್ತಾನೆ. ಮೊದಲನೆಯದು ಕಣ್ಣಿಗೆ ಒಡನೆಯೇ ಗೋಚರ. ಎರಡನೆಯದು ಒಂದು ವರ್ಷ ವಾಸಮಾಡಿದವನಿಗೆ ಗೋಚರ. ಕ್ಷಣಮಾತ್ರದಲ್ಲಿ ಗ್ರಹಿಸುವ ಯಂತ್ರವು ಮೊದಲನೆಯದರ ಕಡೆಗೇ ವಾಲುವುದು ಸಹಜ. ಛಾಯಾಗ್ರಾಹಕನು ಜಯಿಸಬೇಕಾದ ಕಷ್ಟವೂ ಇದರಲ್ಲಿಯೇ ಅಡಗಿದೆ.

೨

ರಾಯಚೂರು ಸೀಮೆಯ ಹಳೆಯ ಮನೆಯ ಸ್ವರೂಪವನ್ನು ಸಂಕ್ಷೇಪವಾಗಿ ವಿವರಿಸುವೆವು. ಈ ಪ್ರಾಂತದಲ್ಲಿ ಕಲ್ಲಿಗೆ ಬರವಿಲ್ಲ. ಊರ ಬದಿಯಲ್ಲಿಯೇ ಗುಂಡುಬಂಡೆಗಳ ಗುಡ್ಡಗಳುಂಟು. ಉದ್ದವಾದ ಒಳ್ಳೆಯ ಮರಕ್ಕೆ ಬರವುಂಟು. ಮಳೆ ಅಲ್ಪ, ಬೇಸಗೆ ದೀರ್ಘ ಮತ್ತು ಉಗ್ರ. ಈ ಮೂರು ಕಾರಣಗಳಿಂದಲೇ ಮನೆಯ ಮುಖ್ಯ ಅಂಗಗಳೆಲ್ಲವೂ ಹುಟ್ಟಿವೆ. ಕಲ್ಲು ಸುಲಭವಾದುದರಿಂದ ಗೋಡೆ ದಪ್ಪ. ಅದರ ಗಾರೆ ಬಹುಮಟ್ಟಿಗೆ ಕೆಸರುಮಣ್ಣು. ಮರ ಗಿಡ್ಡವಾದುದರಿಂದ ಕಂಬ ಕಂಬಗಳಿಗೆ ಹತ್ತಿರ. ಎರಡು ಸಾಲು ಕಂಬಗಳ ನಡುವಣ ಅಂಕಣವೇ ಮನೆಯ ಅಳತೆ. ಇಷ್ಟು ಅಂಕಣದ ಮನೆ ಎಂದು ಹೇಳಿದರೆ ಕೇಳಿದವನಿಗೆ ಅದರ ವಿಸ್ತಾರವೂ ಯಜಮಾನನ ಸ್ಥಿತಿಗತಿಯೂ ಒಟ್ಟಿಗೆ ತಿಳಿಯುತ್ತದೆ. ಮಳೆ ಅಲ್ಪವಾದುದರಿಂದ ಇಳಿಜಾರಾದ ಹೆಂಚಿನ ಮಾಡು ಬೇಕಿಲ್ಲ. ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಹಲಗೆ ಅಥವಾ ಕಟ್ಟಿಗೆ, ಅದರ ಮೇಲೆ ಸೊಪ್ಪುಸದೆ, ಎಲ್ಲಕ್ಕೂ ಮೇಲೆ ಮಣ್ಣು. ಇದೇ ಮಾಳಿಗೆ.

ಮಾಳಿಗೆಗೆ ಹಾಕುವ ಮಣ್ಣು ಸಿಕ್ಕಿದ ಮಣ್ಣಲ್ಲ. ಎರೆಯ ಮಣ್ಣು ಒಣಗಿದರೆ ಬಾಯಿಬಿಡುತ್ತದೆ; ಆ ಬಿರುಕಿನಲ್ಲಿ ನೀರು ಇಳಿಯುತ್ತದೆ. ಆದುದರಿಂದ ಬೆಳೆಗೆ ಬಾರದ ಸವಳುಮಣ್ಣನ್ನು ಹುಡುಕಿ ತರುತ್ತಾರೆ. ಈ ಮಣ್ಣಿನಲ್ಲಿರುವ ಕ್ಷಾರದ ಗುಣದಿಂದ ಅದರ ಸೂಕ್ಷ್ಮ ಕಣಗಳು ನೀರಿನಲ್ಲಿ ಬಿಡಿಬಿಡಿಯಾಗಿ ಹರಡಿ ರಂಧ್ರಗಳನ್ನು ಮುಚ್ಚುವುವು. ಮೊದಲ ಮಳೆಗೆ ಮೇಲ್ಪದರವು ತಾನಾಗಿಯೇ ಬಿಗಿದುಕೊಂಡು, ಮಿಕ್ಕ ನೀರು ದೋಣಿಯ ಮೂಲಕ ಹೊರಗೆ ಬೀಳುತ್ತದೆ. ಹೊಲಕ್ಕೆ ಶಾಪವಾದುದು ಮನೆಗೆ ವರವಾಗಿದೆ. ಪ್ರಕೃತಿಯನ್ನು ಅನುಸರಿಸುವುದೆಂದರೆ ಇದು. ಮುಂಗಾರಿಗೆ ಮುಂಚೆ ಮಾಳಿಗೆಗೆ ಹೊಸ ಮಣ್ಣು ಹಾಕಿ ತುಳಿದು ಸರಿಪಡಿಸುವುದು ವರ್ಷವರ್ಷದ ಕೆಲಸ. ಮಾಳಿಗೆಯ ಮನೆಯು ಒಮ್ಮೆ ಕಟ್ಟಿ ಮುಗಿಸುವ ವಸ್ತುವಲ್ಲ. ಬೆಳೆಯಂತೆ ವರ್ಷವರ್ಷವೂ ಆರೈಕೆಯನ್ನು ಬೇಡುವಂಥದು.

ಗೋಡೆಗೆ ಕಿಟಕಿಗಳು ಕಡಿಮೆ. ಬಿಸಿಗಾಳಿಯೂ ಧೂಳೂ ಒಳನುಗ್ಗದಿರುವುದೇ ಇದಕ್ಕೆ ಕಾರಣ. ಬೆಳಕು ಬರತಕ್ಕದ್ದು ಮಾಳಿಗೆಯಲ್ಲಿ ಬಿಟ್ಟ ಬೆಳಕಿಂಡಿಯಿಂದ. ನಡುಹಗಲಿನಲ್ಲಿ ಅದರಿಂದ ಇಳಿಯುವ ಬಿಸಿಲಿನ ಕೋಲು ಪಡಸಾಲೆಯ ನೆಲದ ಮೇಲೆ ಮೆಲ್ಲಮೆಲ್ಲಗೆ ಸರಿಯುತ್ತದೆ. ಮನೆಯ ಹೆಂಗಸರಿಗೆ ಅದೇ ಗಡಿಯಾರ. ದಪ್ಪನಾದ ಗೋಡೆಯೂ ಮಣ್ಣಿನ ಮಾಳಿಗೆಯೂ ಹಗಲಿನ ತಾಪವನ್ನು ತಮ್ಮಲ್ಲಿಯೇ ತಡೆದು ನಿಧಾನವಾಗಿ ಬಿಡುವುವು; ಹೊರಗೆ ನೆಲ ಸುಡುವಾಗ ಒಳಗೆ ತಂಪು, ಇರುಳಿನಲ್ಲಿ ಒಳಗೆ ಸೆಕೆ. ಆಗ ಕುಟುಂಬವೆಲ್ಲವೂ ಮಾಳಿಗೆಯನ್ನೇರಿ ಮಲಗುತ್ತದೆ. ಮೆಣಸಿನಕಾಯಿ ಒಣಗುವುದೂ ಅಲ್ಲಿಯೇ. ನೆರೆಮನೆಯವರೊಡನೆ ಮಾತು ನಡೆಯುವುದೂ ಅಲ್ಲಿಯೇ. ಹೀಗೆ ಈ ಮನೆಗೆ ಮುಖವೆಂಬುದು ಹೆಚ್ಚಾಗಿಲ್ಲ. ಅದರ ಜೀವವು ಮೇಲೆಯೂ ಒಳಗೂ ಇದೆ. ಬೀದಿಯಲ್ಲಿ ನಿಂತು ತೆಗೆದ ಚಿತ್ರದಲ್ಲಿ ಕಾಣತಕ್ಕದ್ದು ಒಂದು ಗೋಡೆ, ಒಂದು ಬಾಗಿಲು, ಒಂದು ಕಟ್ಟೆ, ಇಷ್ಟೇ.

ಮಾನ್ವಿಯಲ್ಲಿ ಹರಿಕಥಾಮೃತಸಾರದ ಕರ್ತೃಗಳಾದ ಜಗನ್ನಾಥದಾಸರ (೧೭೨೮–೧೮೦೯) ಮನೆಯಲ್ಲಿ ಭಕ್ತರಿಗೆ ಪೂಜ್ಯವಾದುದು ಒಂದು ಕಂಬವೆಂಬುದನ್ನು ಇಲ್ಲಿ ಸ್ಮರಿಸಬಹುದು. ಭಕ್ತಿಯ ವಿಷಯವನ್ನು ನಾವು ಚರ್ಚಿಸುವುದಿಲ್ಲ. ಆದರೆ ಕಂಬಗಳಿಂದಲೇ ಅಳೆಯಲ್ಪಡುವ ಮನೆಗಳ ಸೀಮೆಯಲ್ಲಿ ಮನೆಯ ಯಜಮಾನನ ಸಾನ್ನಿಧ್ಯವನ್ನು ಜನರು ಮುಂಬಾಗಿಲಲ್ಲಿ ಕಾಣದೆ ಕಂಬದಲ್ಲಿ ಕಂಡರೆಂಬುದು ಅರ್ಥವತ್ತಾಗಿದೆ.

೩

ಇನ್ನು ಛಾಯಾಚಿತ್ರದ ಕಡೆಗೆ ತಿರುಗೋಣ. ಕನ್ನಡ ನಾಡಿನ ಕಟ್ಟಡಗಳನ್ನು ವ್ಯವಸ್ಥಿತವಾಗಿ ಚಿತ್ರಿಸುವ ಕಾರ್ಯವು ೧೮೫೫ನೆಯ ಇಸವಿಯಲ್ಲಿ ಮುಂಬಯಿ ಸರ್ಕಾರವು ತೋಪುಖಾನೆಯ ಅಧಿಕಾರಿಯಾದ ಬಿಗ್ಸ್ ಎಂಬಾತನನ್ನು ನಿಯಮಿಸಿದಾಗ ಆರಂಭವಾಯಿತು. ಆತನ ತರುವಾಯ ಡಾಕ್ಟರ್ ಪಿಗೂ ಆ ಕೆಲಸವನ್ನು ಮುಂದುವರಿಸಿದನು. ನೀಲ್ ಎಂಬಾತನೂ ಚಿತ್ರಗಳನ್ನು ತೆಗೆದನು. ಇವರ ಶ್ರಮದ ಫಲವಾಗಿ ವಿಜಾಪುರದ ವಾಸ್ತುವನ್ನು ಕುರಿತ ಒಂದು ಗ್ರಂಥವೂ ಧಾರವಾಡ ಮೈಸೂರುಗಳ ವಾಸ್ತುವನ್ನು ಕುರಿತ ಇನ್ನೊಂದು ಗ್ರಂಥವೂ ೧೮೬೬ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದುವು. ವಾಸ್ತುಲಕ್ಷಣದ ಟಿಪ್ಪಣಿಗಳನ್ನು ಜೇಮ್ಸ್ ಫರ್ಗುಸನ್ನನೂ ಚಾರಿತ್ರಿಕ ವಿವರಣೆಯನ್ನು ಮೆಡೋಸ್ ಟೇಲರನೂ ಬರೆದರು.

ಟೇಲರನ (೧೮೦೮–೧೮೭೬) ಹೆಸರು ನಮ್ಮ ವಿಷಯಕ್ಕೆ ಹತ್ತಿರವಾದುದು. ದೇವದುರ್ಗದಿಂದ ಕೃಷ್ಣೆಯನ್ನು ದಾಟಿದರೆ ಸಿಕ್ಕುವ ಸುರಪುರದಲ್ಲಿ ಆತನು ೧೮೪೦ರ ದಶಕದಲ್ಲಿ ಸಂಸ್ಥಾನದ ಮೇಲ್ವಿಚಾರಕನಾಗಿದ್ದನು. ಗುಡ್ಡದ ಮೇಲೆ ತನಗೆ ಬೇಕಾದಂತೆ ಆತನು ಕಟ್ಟಿಸಿಕೊಂಡ ಮನೆಯು ಟೇಲರ್ ಮಂಜಿಲ್ ಎಂಬ ಹೆಸರಿನಿಂದ ಪ್ರಸಿದ್ಧವಾಗಿದೆ. ಆ ಪ್ರಾಂತದ ಬಿಸಿಲು, ಗಾಳಿ, ಕಲ್ಲುಗಳನ್ನು ಪುಸ್ತಕದಿಂದಲ್ಲದೆ ಮೈಯಿಂದ ಬಲ್ಲವನು ಆತನು. ಆದರೂ ಆತನ ವಿವರಣೆಯಿಂದ ಅಲಂಕೃತವಾದ ಆ ಗ್ರಂಥಗಳ ವಿಷಯ ದೇವಾಲಯ, ಮಸೀದಿ, ಗೋರಿ, ಅರಮನೆಗಳು. ಒಕ್ಕಲಿಗನ ಮನೆ ಅವುಗಳ ಉದ್ದೇಶವಾಗಿರಲಿಲ್ಲ. ಇದನ್ನು ಆತನ ದೋಷವೆನ್ನುವುದು ಸರಿಯಲ್ಲ. ಆ ಕಾಲದ ವಿದ್ವಾಂಸರಿಗೆ ವಾಸ್ತುವೆಂದರೆ ಸ್ಮಾರಕ; ಸ್ಮಾರಕವೆಂದರೆ ಜನರು ವಾಸಮಾಡದ ಕಟ್ಟಡ.

ಈ ದೃಷ್ಟಿಗೆ ಯಂತ್ರವೂ ಸಹಾಯಕವಾಯಿತು. ಅಂದಿನ ವಿಧಾನದಲ್ಲಿ ಬೆಳಕಿಗೆ ಬಹಳ ಹೊತ್ತು ತೆರೆದಿಡಬೇಕಾಗಿತ್ತು. ನಡೆಯುವವರು ಚಿತ್ರದಲ್ಲಿ ಮೂಡುತ್ತಿರಲಿಲ್ಲ, ಮೂಡಿದರೂ ಮಬ್ಬಾಗುತ್ತಿದ್ದರು. ಕತ್ತಲೆಯ ಒಳಭಾಗವು ಅಸಾಧ್ಯಪ್ರಾಯವಾಗಿತ್ತು. ಆದುದರಿಂದ ಹೊರಮುಖ, ಪೂರ್ಣವಾದ ಬಿಸಿಲು, ದೂರದ ನಿಲವು, ನಿರ್ಜನವಾದ ಆವರಣ ಇವು ಕಟ್ಟಡದ ಚಿತ್ರಕ್ಕೆ ಸಂಪ್ರದಾಯಗಳಾದುವು. ಯಂತ್ರದ ಅಶಕ್ತಿಯಿಂದ ಹುಟ್ಟಿದ ಈ ನಿಯಮಗಳು ಯಂತ್ರವು ಶಕ್ತವಾದ ಮೇಲೂ ರುಚಿಯ ಹೆಸರಿನಲ್ಲಿ ಉಳಿದುಕೊಂಡುವು. ಈಗಿನ ಕ್ಯಾಮರಾ ಕ್ಷಣದ ಸಾವಿರದಲ್ಲೊಂದು ಭಾಗದಲ್ಲಿ ಚಿತ್ರವನ್ನು ಹಿಡಿಯಬಲ್ಲದು. ಆದರೂ ಹೊಸ ಮನೆಯ ಚಿತ್ರದಲ್ಲಿ ಮನುಷ್ಯರಿಲ್ಲ, ಅಡಿಗೆಮನೆಯಲ್ಲಿ ಪಾತ್ರೆಯಿಲ್ಲ, ಹೊಸಿಲಿನಲ್ಲಿ ಪಾದರಕ್ಷೆಯಿಲ್ಲ.

ಹೇಳಿ ಕಟ್ಟಿಸಿದ ಮನೆಯ ಛಾಯಾಚಿತ್ರಕ್ಕೂ ಈ ಪ್ರಾಂತದಲ್ಲಿ ಒಂದು ಪೂರ್ವಚರಿತ್ರೆಯುಂಟು. ೧೯೪೮ರ ವರೆಗೆ ರಾಯಚೂರು ನಿಜಾಮರ ರಾಜ್ಯಕ್ಕೆ ಸೇರಿತ್ತು. ಆ ಆಸ್ಥಾನದ ಛಾಯಾಗ್ರಾಹಕನಾಗಿದ್ದ ಲಾಲಾ ದೀನ ದಯಾಳನು (೧೮೪೪–೧೯೦೫) ಫಲಕ್ನುಮಾ ಮೊದಲಾದ ಹೈದರಾಬಾದಿನ ಅರಮನೆಗಳನ್ನು ಅತ್ಯಂತ ನೈಪುಣ್ಯದಿಂದ ಚಿತ್ರಿಸಿದನು. ಅಲ್ಲಿ ಚಿತ್ರದ ಪ್ರಯೋಜನವೇನೆಂಬುದು ಸ್ಪಷ್ಟ. ಅದು ಒಡೆಯನ ಐಶ್ವರ್ಯಕ್ಕೆ ಸಾಕ್ಷಿ. ಇಂದಿನ ಪ್ರಕೃತಿಪ್ರಿಯ ಮನೆಯ ಚಿತ್ರಗಳು ಬಹುಮಟ್ಟಿಗೆ ಈ ಎರಡು ವಂಶಗಳ ಸಂತಾನ. ಸ್ಮಾರಕದ ಚಿತ್ರದಿಂದ ನಿರ್ಜನತೆಯೂ ಅರಮನೆಯ ಚಿತ್ರದಿಂದ ಪ್ರದರ್ಶನವೂ ಅವಕ್ಕೆ ಬಂದಿವೆ. ಪ್ರಕೃತಿಯಿಂದ ಬಂದುದು ಏನು ಎಂಬುದನ್ನು ಇನ್ನು ಪರಿಶೀಲಿಸಬೇಕು.

೪

ನಮ್ಮ ಅಲಂಕಾರಶಾಸ್ತ್ರದಲ್ಲಿ ಈ ಚರ್ಚೆಗೆ ಉಪಕಾರಕವಾದ ಒಂದು ವಿವಾದವುಂಟು. ವಸ್ತುವು ಇದ್ದಂತೆ ಹೇಳುವುದು ಕಾವ್ಯವಾಗುವುದೇ? ಬರಿಯ ಸಂಗತಿಯನ್ನು ಹೇಳಿದರೆ ಅದು ವಾರ್ತೆ, ಕಾವ್ಯವಲ್ಲವೆಂದು ಭಾಮಹನ ಅಭಿಪ್ರಾಯ. ದಂಡಿಯಾದರೋ ಸ್ವಭಾವೋಕ್ತಿಗೆ ಅಲಂಕಾರಗಳಲ್ಲಿ ಮೊದಲ ಸ್ಥಾನವನ್ನು ಕೊಟ್ಟನು. ಇಬ್ಬರ ಮಾತಿನಲ್ಲಿಯೂ ಸತ್ಯವುಂಟು. ವಸ್ತುವಿನ ಹೊರಮೈಯನ್ನು ಮಾತ್ರ ಹೇಳಿದರೆ ವಾರ್ತೆ. ಆ ವಸ್ತುವಿಗೇ ಸಹಜವಾದ, ಇತರರು ಗಮನಿಸದ ಸ್ವಭಾವವನ್ನು ಹೇಳಿದರೆ ಸ್ವಭಾವೋಕ್ತಿ. ಕವಿರಾಜಮಾರ್ಗವು ಅಲಂಕಾರಪ್ರಕರಣದಲ್ಲಿ ದಂಡಿಯನ್ನು ಬಹುಮಟ್ಟಿಗೆ ಅನುಸರಿಸಿದ್ದರೂ ಕನ್ನಡದ ಸ್ವಭಾವವನ್ನು ಬಿಟ್ಟುಕೊಡಲಿಲ್ಲ. ಅನುಸರಣೆಗೂ ಅನುಕರಣೆಗೂ ಇರುವ ಅಂತರಕ್ಕೆ ಆ ಗ್ರಂಥವೇ ಒಂದು ನಿದರ್ಶನ.

ಛಾಯಾಚಿತ್ರವು ಸ್ವಭಾವೋಕ್ತಿಯ ಕಲೆ. ಯಂತ್ರವು ಇದ್ದುದನ್ನೇ ಹಿಡಿಯುವುದರಿಂದ ಅದಕ್ಕೆ ಬೇರೆ ಗತಿಯಿಲ್ಲ. ಆದರೆ ಇದ್ದುದನ್ನು ಹಿಡಿದ ಮಾತ್ರಕ್ಕೆ ಸ್ವಭಾವವನ್ನು ಹಿಡಿದಂತಾಗಲಿಲ್ಲ. ಇದಕ್ಕೆ ಲೋಕಪ್ರಸಿದ್ಧವಾದ ಒಂದು ಉದಾಹರಣೆಯನ್ನು ನೋಡಬಹುದು. ಅಮೆರಿಕದ ಪೆನ್ಸಿಲ್ವೇನಿಯ ಪ್ರಾಂತದಲ್ಲಿ ಫ್ರಾಂಕ್ ಲಾಯ್ಡ್ ರೈಟನು ಕಾಫ್‌ಮನ್ ಎಂಬ ವರ್ತಕನಿಗಾಗಿ ಕಟ್ಟಿದ ಫಾಲಿಂಗ್ ವಾಟರ್ ಎಂಬ ಮನೆಯು ಪ್ರಕೃತಿಯೊಡನೆ ಕೂಡಿದ ವಾಸ್ತುವಿಗೆ ಮುಖ್ಯ ದೃಷ್ಟಾಂತವೆಂದು ಪರಿಗಣಿತವಾಗಿದೆ. ಅದು ಒಂದು ಜಲಪಾತದ ಮೇಲೆ ನಿಂತಿದೆ. ೧೯೩೭ರಲ್ಲಿ ಬಿಲ್ ಹೆಡ್ರಿಚ್ ಎಂಬ ಛಾಯಾಗ್ರಾಹಕನು ಹೊಳೆಯ ಕೆಳಭಾಗದಲ್ಲಿ ನಿಂತು, ಜಲಪಾತವೂ ಅದರ ಮೇಲೆ ಚಾಚಿದ ಚಾವಡಿಗಳೂ ಒಟ್ಟಿಗೆ ಕಾಣುವಂತೆ ಚಿತ್ರವನ್ನು ತೆಗೆದನು. ಆ ಮನೆಯೆಂದರೆ ಲೋಕಕ್ಕೆ ನೆನಪಾಗುವುದು ಆ ನಿಲವೇ.

ಚಿತ್ರವು ಅದ್ಭುತವಾಗಿದೆ; ಆದರೆ ಮನೆಯ ಸ್ವಭಾವಕ್ಕೆ ಅದು ಪ್ರತಿಕೂಲವಾದುದು. ಯಜಮಾನನು ಬಯಸಿದ್ದು ಜಲಪಾತವನ್ನು ನೋಡುವ ಮನೆಯನ್ನು. ಶಿಲ್ಪಿಯು ಕೊಟ್ಟದ್ದು ಜಲಪಾತದ ಮೇಲಿರುವ ಮನೆಯನ್ನು. ಅಲ್ಲಿ ವಾಸಮಾಡುವವನಿಗೆ ಜಲಪಾತವು ಕೇಳುತ್ತದೆ, ಎದುರಿಗೆ ಕಾಣುವುದಿಲ್ಲ. ರೈಟನ ಆಲೋಚನೆಯ ತಿರುಳು ಇದೇ. ಛಾಯಾಚಿತ್ರವು ಶಿಲ್ಪಿಯು ಬುದ್ಧಿಪೂರ್ವಕವಾಗಿ ನಿರಾಕರಿಸಿದ ನೋಟವನ್ನು ಮರಳಿ ತಂದು ಕೊಟ್ಟಿತು. ಇದಲ್ಲದೆ ಆ ಚಾವಡಿಗಳು ಕಟ್ಟಿದಂದಿನಿಂದಲೂ ಬಾಗುತ್ತ ಬಂದು, ೨೦೦೨ರಲ್ಲಿ ಉಕ್ಕಿನ ಎಳೆಗಳಿಂದ ಬಿಗಿದು ಭದ್ರಪಡಿಸಬೇಕಾಯಿತು. ಭಾರದ ಈ ಕಥೆಯೂ ಪ್ರಕೃತಿಯ ಕಥೆಯೇ. ಚಿತ್ರದಲ್ಲಿ ಅದಕ್ಕೆ ಎಡೆಯಿಲ್ಲ. ಹೆಡ್ರಿಚನ ಚಿತ್ರವನ್ನು ತೆಗಳುವುದು ನಮ್ಮ ಉದ್ದೇಶವಲ್ಲ. ಅತ್ಯುತ್ತಮವಾದ ಒಂದು ಚಿತ್ರವೂ ಮನೆಯ ಮುಖವನ್ನು ಮೆರೆಸಿ ಅದರ ಸ್ವಭಾವವನ್ನು ಮರೆಸಬಲ್ಲುದೆಂಬುದೇ ಪ್ರಕೃತ.

೫

ಈ ಮಾನದಂಡವನ್ನು ಹಿಡಿದು ರಾಯಚೂರು ಸೀಮೆಗೆ ಮರಳಿದರೆ, ಅಲ್ಲಿನ ಮನೆಯನ್ನು ಚಿತ್ರಿಸುವವನು ಎದುರಿಸಬೇಕಾದ ಪ್ರಲೋಭನಗಳು ತಾವಾಗಿಯೇ ತಿಳಿದುಬರುತ್ತವೆ.

ಮೊದಲನೆಯದು ದೀಪದ ಪ್ರಲೋಭನ. ಬೆಳಕಿಂಡಿಯ ಮನೆಯಲ್ಲಿ ಬಿಸಿಲಿನ ಕೋಲಿಗೂ ಮೂಲೆಯ ಕತ್ತಲೆಗೂ ಇರುವ ಅಂತರವನ್ನು ಕ್ಯಾಮರಾ ಒಂದೇ ಸಲ ತಾಳಲಾರದು. ಆಗ ಕೃತಕ ದೀಪಗಳನ್ನು ತಂದು ಮೂಲೆಮೂಲೆಯನ್ನು ಬೆಳಗಿಸುವುದುಂಟು. ಹಲವು ಚಿತ್ರಗಳನ್ನು ಬೆಸೆದು ಕತ್ತಲೆಯನ್ನೇ ಇಲ್ಲವಾಗಿಸುವುದೂ ಈಗ ಸುಲಭವಾಗಿದೆ. ಫಲವಾಗಿ ಎಲ್ಲವೂ ಕಾಣುತ್ತದೆ, ಮನೆ ಮಾತ್ರ ಕಾಣುವುದಿಲ್ಲ. ಆ ಮನೆಯಲ್ಲಿ ಕತ್ತಲೆಯು ಕೊರತೆಯಲ್ಲ, ಬಿಸಿಲಿನಿಂದ ಬಂದವನಿಗೆ ಅದು ನೆರಳು. ಕಣ್ಣು ಅದಕ್ಕೆ ಒಗ್ಗಿಕೊಳ್ಳಲು ಬೇಕಾದ ಎರಡು ನಿಮಿಷವೇ ಆ ಮನೆಯ ಸ್ವಾಗತ. ಒಂದೇ ನಿಲವಿನಿಂದ ಬೆಳಗ್ಗೆ, ನಡುಹಗಲು, ಸಂಜೆಗಳಲ್ಲಿ ತೆಗೆದ ಮೂರು ಚಿತ್ರಗಳನ್ನು ಪಕ್ಕಪಕ್ಕದಲ್ಲಿಟ್ಟರೆ ಬೆಳಕಿನ ಕೋಲು ಸರಿಯುವುದು ತಿಳಿಯುತ್ತದೆ. ಆಗ ಛಾಯಾಚಿತ್ರವು ಕಾಲವನ್ನು ಹೇಳುತ್ತದೆ.

ಎರಡನೆಯದು ವಿಸ್ತಾರದ ಪ್ರಲೋಭನ. ಅಗಲಕೋನದ ಮಸೂರವು ಇಕ್ಕಟ್ಟನ್ನು ವಿಶಾಲವಾಗಿ ಕಾಣಿಸುತ್ತದೆ. ಕಂಬಗಳು ಹತ್ತಿರ ಹತ್ತಿರವಿರುವುದೇ ಮರದ ಅಭಾವಕ್ಕೆ ಸಾಕ್ಷಿಯಾದ ಮನೆಯಲ್ಲಿ ಅವನ್ನು ದೂರದೂರಕ್ಕೆ ಸರಿಸಿದಂತೆ ತೋರಿಸುವುದು ಸಾಕ್ಷಿಯನ್ನು ತಿದ್ದಿದಂತೆ. ಇದಕ್ಕೆ ಪರಿಹಾರ ಸುಲಭ. ಚಿತ್ರದೊಡನೆ ಅಂಕಣದ ಅಳತೆಯನ್ನೂ ನೆಲದ ನಕ್ಷೆಯನ್ನೂ ಕೊಡಬೇಕು. ಶಾಸನಗಳನ್ನು ಪ್ರಕಟಿಸುವವರು ಪಾಠದ ಜತೆಗೆ ಪ್ರತಿಕೃತಿಯನ್ನೂ ಅಚ್ಚುಹಾಕಿಸುವುದು, ಓದುಗನು ಪಾಠವನ್ನು ತಾನೇ ಪರೀಕ್ಷಿಸಲೆಂದು. ಹೈದರಾಬಾದಿನ ಪ್ರಾಚ್ಯವಸ್ತು ಇಲಾಖೆಯು ೧೯೧೪ರಲ್ಲಿ ಸ್ಥಾಪಿತವಾಗಿ, ಮರುವರ್ಷ ತನ್ನ ಗ್ರಂಥಮಾಲೆಯನ್ನು ಆರಂಭಿಸಿದ್ದೇ ಈ ಸೀಮೆಯ ಮಸ್ಕಿಯ ಅಶೋಕಶಾಸನದಿಂದ. ಒಂದು ಬಂಡೆಯ ಅಕ್ಷರಗಳಿಗೆ ಸಂದ ಈ ಎಚ್ಚರಿಕೆಯು ಒಂದು ಮನೆಗೂ ಸಲ್ಲಬೇಕೆಂಬುದು ಅತಿಯಾದ ಬೇಡಿಕೆಯಲ್ಲ.

ಮೂರನೆಯದು ಹಸುರಿನ ಪ್ರಲೋಭನ. ಮಾನ್ವಿಯ ಕಡೆ ಮನೆಯ ಹಿನ್ನೆಲೆಯಲ್ಲಿ ಬತ್ತದ ಗದ್ದೆಯನ್ನಿಟ್ಟು ಚಿತ್ರ ತೆಗೆದರೆ ಅದು ರಮ್ಯವಾಗಿಯೇ ಇರುತ್ತದೆ. ಆದರೆ ಆ ಹಸುರು ಸೀಮೆಯ ಹಳೆಯ ಪ್ರಕೃತಿಯಲ್ಲ. ೧೯೫೩ರಲ್ಲಿ ಪೂರ್ಣವಾದ ತುಂಗಭದ್ರಾ ಅಣೆಕಟ್ಟಿನ ಎಡದಂಡೆಯ ಕಾಲುವೆ ತಂದುಕೊಟ್ಟದ್ದು. ದೇವದುರ್ಗದ ಕಡೆಗೆ ನೀರು ಬಂದುದು ಇನ್ನೂ ಈಚೆಗೆ, ಕೃಷ್ಣೆಯ ನಾರಾಯಣಪುರ ಜಲಾಶಯದ ಬಲದಂಡೆಯ ಕಾಲುವೆಯಿಂದ. ಮಾಳಿಗೆಯ ಮನೆಯು ಹುಟ್ಟಿದ್ದು ಜೋಳದ ಹೊಲಗಳ ಒಣ ಸೀಮೆಯಲ್ಲಿ. ಗದ್ದೆಯ ಹಿನ್ನೆಲೆಯಲ್ಲಿ ನಿಂತ ಆ ಮನೆ ಎರಡು ಕಾಲಗಳ ಸಂಧಿಯನ್ನು ತೋರಿಸುತ್ತದೆ ಎಂದು ವಿವರಣೆಯು ಹೇಳಿದರೆ ಚಿತ್ರವು ಚರಿತ್ರೆಯಾಗುತ್ತದೆ. ಹೇಳದೆ ಅದೇ ಸನಾತನ ಪ್ರಕೃತಿಯೆಂಬಂತೆ ತೋರಿಸಿದರೆ ಸುಳ್ಳಾಗುತ್ತದೆ.

ನಾಲ್ಕನೆಯದು ಮಣ್ಣಿನ ಬಣ್ಣದ ಪ್ರಲೋಭನ. ಛಾಯಾಚಿತ್ರದಲ್ಲಿ ಮಣ್ಣಿನ ಗೋಡೆಯೂ ಮಣ್ಣಿನ ಬಣ್ಣ ಬಳಿದ ಕಾಂಕ್ರೀಟಿನ ಗೋಡೆಯೂ ಒಂದೇ. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ೧೯೭೪ರಲ್ಲಿ ಆರಂಭವಾದ ಅಸ್ತ್ರ ಎಂಬ ಕೇಂದ್ರದವರು ಸ್ವಲ್ಪ ಸಿಮೆಂಟನ್ನು ಬೆರೆಸಿ ಒತ್ತಿ ಮಾಡುವ ಮಣ್ಣಿನ ಇಟ್ಟಿಗೆಯನ್ನು ಪ್ರಚಾರಕ್ಕೆ ತಂದರು. ಅದಕ್ಕೆ ಮರಳು ಬೆರೆತ ಕೆಂಪುಮಣ್ಣು ಅನುಕೂಲ. ಅದನ್ನು ಕಂಡು ಎರೆಯ ನೆಲದಲ್ಲಿ ಅಂಥ ಮನೆಯನ್ನು ಬಯಸುವವನು ಮಣ್ಣನ್ನು ಮಸಾರಿಯ ಕಡೆಯಿಂದ ತರಿಸಬೇಕು. ನೀರು ಕುಡಿದು ಉಬ್ಬುವ, ಒಣಗಿ ಕುಗ್ಗುವ ಎರೆಯ ಮೇಲೆ ತಳಪಾಯವನ್ನೂ ಬೇರೆ ರೀತಿಯಲ್ಲಿ ಹಾಕಿಸಬೇಕು. ಚಿತ್ರವು ಇದನ್ನು ಹೇಳದಿದ್ದರೆ ನೋಡಿ ಕಟ್ಟಿಸುವವನಿಗೆ ಗೋಡೆ ಬಿರುಕುಬಿಟ್ಟ ಮೇಲೆ ತಿಳಿಯುತ್ತದೆ.

೬

ಹಾಗಾದರೆ ಮನೆಯ ಸ್ವಭಾವವನ್ನು ಹೇಳುವ ಚಿತ್ರಕ್ಕೆ ಮಾದರಿಯಿಲ್ಲವೆ? ಇದೆ, ಅದು ರಾಯಚೂರು ನಗರದಲ್ಲಿಯೇ ಇದೆ. ಅಲ್ಲಿನ ಕೋಟೆಯ ಗೋಡೆಯಲ್ಲಿ ಕೂಡಿಸಿದ ಸುಮಾರು ೪೧ ಅಡಿ ಉದ್ದದ ಒಂದೇ ಕಲ್ಲಿನ ಮೇಲೆ ಕ್ರಿಸ್ತಶಕ ೧೨೯೪ರ ತೆಲುಗು ಶಾಸನವುಂಟು. ಕಾಕತೀಯರ ಅಧಿಕಾರಿಗಳು ಕೋಟೆಯನ್ನು ಕಟ್ಟಿಸಿದ ಸಂಗತಿಯನ್ನು ಅದು ತಿಳಿಸುತ್ತದೆ. ವಿದ್ವಾಂಸರು ಶಾಸನವನ್ನು ಓದಿದ್ದಾರೆ. ಅದರ ಬಳಿಯಲ್ಲಿ ಕೆತ್ತಿರುವ ಚಿತ್ರವನ್ನೂ ವಾಚಕರು ಓದಬೇಕೆಂದು ನಮ್ಮ ಪ್ರಾರ್ಥನೆ. ಆ ಮಹಾಶಿಲೆಯನ್ನು ಬಂಡಿಯ ಮೇಲೆ ಹೇರಿ, ಸಾಲುಸಾಲಾಗಿ ಕಟ್ಟಿದ ಜಾನುವಾರುಗಳು ಎಳೆಯುತ್ತಿರುವುದನ್ನೂ ಆಳುಗಳು ಅದಕ್ಕೆ ನೆರವಾಗುತ್ತಿರುವುದನ್ನೂ ಶಿಲ್ಪಿಯು ರೇಖೆಗಳಲ್ಲಿ ತೋರಿಸಿದ್ದಾನೆ.

ಗಮನಿಸಬೇಕು: ಆತನು ಕೋಟೆಯ ಚಿತ್ರವನ್ನು ಕೆತ್ತಲಿಲ್ಲ. ಕೋಟೆಯು ಎದುರಿಗೇ ಇರುವಾಗ ಅದರ ಮುಖವನ್ನು ಇನ್ನೊಮ್ಮೆ ತೋರಿಸುವುದು ಅನಾವಶ್ಯಕವೆಂದು ಆತನಿಗೆ ತೋರಿರಬೇಕು. ಕಲ್ಲನ್ನು ನೋಡಿದವನಿಗೆ ಏಳುವ ಪ್ರಶ್ನೆ, ಇದು ಇಲ್ಲಿಗೆ ಹೇಗೆ ಬಂತು ಎಂಬುದು. ಆತನ ಚಿತ್ರವು ಆ ಪ್ರಶ್ನೆಗೆ ಉತ್ತರ. ಕಟ್ಟಡವು ಬೆಟ್ಟದಿಂದ ಬಂದುದೆಂಬುದನ್ನೂ, ಬೆಟ್ಟಕ್ಕೂ ಕಟ್ಟಡಕ್ಕೂ ನಡುವೆ ಪ್ರಾಣಿಗಳ ಬೆನ್ನೂ ಮನುಷ್ಯರ ತೋಳೂ ಇದ್ದುವೆಂಬುದನ್ನೂ ಅದು ಏಳು ಶತಮಾನಗಳಿಂದ ಹೇಳುತ್ತಿದೆ. ಪ್ರಕೃತಿಯೊಡನೆ ಕಟ್ಟಡಕ್ಕಿರುವ ಸಂಬಂಧವನ್ನು ಇದಕ್ಕಿಂತ ನೇರವಾಗಿ ತೋರಿಸಿದ ಛಾಯಾಚಿತ್ರವು ವಿರಳ. ಸವಳುಮಣ್ಣನ್ನು ಅಗೆಯುವುದು, ಹೊತ್ತು ತರುವುದು, ಮುಂಗಾರಿಗೆ ಮುಂಚೆ ಮಾಳಿಗೆಯನ್ನು ತುಳಿಯುವುದು, ಮೊದಲ ಮಳೆಗೆ ದೋಣಿಯಿಂದ ನೀರು ಬೀಳುವುದು ಇವುಗಳ ನಾಲ್ಕು ಚಿತ್ರಗಳಿದ್ದರೆ ದೇವದುರ್ಗದ ಒಂದು ಮನೆಯ ಸ್ವಭಾವವು, ಅದರ ಮುಂಬಾಗಿಲಿನ ನಲವತ್ತು ಚಿತ್ರಗಳಿಂದ ತಿಳಿಯದಷ್ಟು, ತಿಳಿಯುತ್ತದೆ. ಎತ್ತರದಿಂದ ಚಿತ್ರ ತೆಗೆಯುವ ಡ್ರೋನ್ ಎಂಬ ಹೊಸ ಸಾಧನವು ಮಾಳಿಗೆಯನ್ನು ಮೊದಲ ಬಾರಿಗೆ ಸುಲಭವಾಗಿ ತೋರಿಸಬಲ್ಲದು. ಅದನ್ನು ವೈಭವಕ್ಕಾಗಿ ಉಪಯೋಗಿಸದೆ, ಮೆಣಸಿನಕಾಯಿ ಹರವಿದ ಮಾಳಿಗೆಯಿಂದ ಮಾಳಿಗೆಗೆ ಊರು ಹೇಗೆ ಹೊಂದಿಕೊಂಡಿದೆ ಎಂಬುದನ್ನು ತಿಳಿಯಲು ಉಪಯೋಗಿಸಬಹುದು.

೭

ಇಲ್ಲಿ ಒಂದು ಆಕ್ಷೇಪವನ್ನು ಊಹಿಸಬಹುದು. ಛಾಯಾಚಿತ್ರವು ಕಲೆ, ಅದನ್ನು ಮೋಜಣಿದಾರನ ದಫ್ತರವನ್ನಾಗಿ ಮಾಡುವುದೇಕೆ? ಸೌಂದರ್ಯವಿದ್ದರೆ ಸಾಲದೆ? ಸಾಲುತ್ತದೆ, ಸೌಂದರ್ಯವು ಆ ಮನೆಯದಾಗಿದ್ದರೆ. ಸಂಜೆಯ ಹೊಂಬಿಸಿಲು ಯಾವ ಗೋಡೆಯ ಮೇಲೆ ಬಿದ್ದರೂ ಚೆಲುವೇ. ಒಂದು ಮನೆಯ ಚಿತ್ರವನ್ನು ಇನ್ನೊಂದು ಮನೆಗೆ ಹಚ್ಚಿದರೂ ನಡೆಯುವುದಾದರೆ ಆ ಚೆಲುವು ಮನೆಯ ಗುಣವಲ್ಲ, ಹೊತ್ತಿನ ಗುಣ. ಔಚಿತ್ಯವೇ ರಸದ ಜೀವವೆಂದು ಕ್ಷೇಮೇಂದ್ರನು ಹೇಳಿದುದು ಈ ಕಲೆಗೂ ಅನ್ವಯಿಸುತ್ತದೆ.

ಆದರೆ ಸೌಂದರ್ಯಕ್ಕಿಂತ ಗುರುತರವಾದ ಇನ್ನೊಂದು ವಿಷಯವುಂಟು. ೨೦೦೯ರ ಸೆಪ್ಟೆಂಬರ್ ಕೊನೆಯಲ್ಲಿಯೂ ಅಕ್ಟೋಬರ್ ಮೊದಲಲ್ಲಿಯೂ ಉತ್ತರ ಕರ್ನಾಟಕದಲ್ಲಿ ಎಡೆಬಿಡದೆ ಸುರಿದ ಮಳೆಗೆ ರಾಯಚೂರು ಜಿಲ್ಲೆಯೂ ತುತ್ತಾಯಿತು. ಅಲ್ಪವಾದ ಮಳೆಗಾಗಿ ಕಟ್ಟಿದ ಮಾಳಿಗೆಗಳು ನೀರು ಕುಡಿದು ಭಾರವಾದುವು, ಕೆಸರುಗಾರೆಯ ಗೋಡೆಗಳು ಕರಗಿದುವು, ಮನೆಗಳು ಕುಸಿದುವು. ಸರ್ಕಾರವು ಆಸರೆ ಎಂಬ ಯೋಜನೆಯಿಂದ ಎತ್ತರದ ನೆಲದಲ್ಲಿ ಸಾಲುಮನೆಗಳನ್ನು ಕಟ್ಟಿಸಿತು. ಮಣ್ಣಿನ ಮಾಳಿಗೆಯನ್ನು ವರ್ಣಿಸುವವರು ಈ ಸಂಗತಿಯನ್ನು ಮರೆಯಬಾರದು. ಮಾಳಿಗೆಯ ಆರೈಕೆಗೆ ಆಳು ಬೇಕು, ಹಣ ಬೇಕು, ಮಣ್ಣು ಬೇಕು. ಇವಿಲ್ಲದವನಿಗೆ ಆ ಮನೆ ಅಪಾಯ. ಅದನ್ನು ಬಿಟ್ಟು ಕಾಂಕ್ರೀಟಿನ ತಾರಸಿಯನ್ನು ಬಯಸಿದ ಕುಟುಂಬವನ್ನು ಪ್ರಕೃತಿಯಿಂದ ದೂರವಾಯಿತೆಂದು ಹಳಿಯುವ ಅಧಿಕಾರ ಯಾರಿಗೂ ಇಲ್ಲ. ಆ ತಾರಸಿಯ ಕೆಳಗೆ ಬೇಸಗೆಯ ನಡುಹಗಲನ್ನು ಕಳೆಯುವವರು ತಾವು ಏನನ್ನು ಪಡೆದೆವು, ಏನನ್ನು ಕಳೆದುಕೊಂಡೆವು ಎಂಬುದನ್ನು ಬೇರೆಯವರು ಹೇಳಬೇಕಾಗಿಲ್ಲದಷ್ಟು ಚೆನ್ನಾಗಿ ಬಲ್ಲರು.

ಛಾಯಾಚಿತ್ರದ ಪಕ್ಷಪಾತವು ಇಲ್ಲಿ ಬಯಲಾಗುತ್ತದೆ. ಬಡವನ ಮಣ್ಣಿನ ಮನೆ ಬಿದ್ದ ದಿನ ಚಿತ್ರವಾಗುತ್ತದೆ; ಉಳ್ಳವನ ಮಣ್ಣಿನ ಮನೆ ಗೃಹಪ್ರವೇಶದ ದಿನ ಚಿತ್ರವಾಗುತ್ತದೆ. ಒಂದರಲ್ಲಿ ಮಣ್ಣು ದಾರಿದ್ರ್ಯ, ಇನ್ನೊಂದರಲ್ಲಿ ಅದೇ ಮಣ್ಣು ಸಂಸ್ಕೃತಿ. ನಡುವಣ ಕಾಲ, ಎಂದರೆ ಬೀಳದೆ, ಹೊಸದೂ ಆಗಿರದೆ, ಜನರಿಂದ ತುಂಬಿ ಮನೆಯು ಮನೆಯಾಗಿದ್ದ ಕಾಲ, ಚಿತ್ರಕ್ಕೆ ಸಿಕ್ಕುವುದೇ ಇಲ್ಲ. ತಲೆಮಾರುಗಳ ಅನುಭವವು ಶೇಖರವಾಗಿದ್ದದ್ದು ಆ ನಡುವಣ ಕಾಲದಲ್ಲಿಯೇ. ಸವಳುಮಣ್ಣಿನ ಆಯ್ಕೆಯನ್ನು ಬಲ್ಲ ವೃದ್ಧರು ಕಡಿಮೆಯಾಗುತ್ತಿದ್ದಾರೆ; ಜಂತಿಯನ್ನು ಕೂಡಿಸಬಲ್ಲ ಬಡಗಿಗಳಿಗೆ ಕೆಲಸವಿಲ್ಲ. ಮುಂದೆ ಒಬ್ಬನು ಈ ಸೀಮೆಯಲ್ಲಿ ಬಿಸಿಲಿಗೆ ತಕ್ಕ ಮನೆಯನ್ನು ಕಟ್ಟಬಯಸಿ ಹಳೆಯ ಸಾಕ್ಷ್ಯವನ್ನು ಹುಡುಕಿದರೆ ಆತನಿಗೆ ಏನು ದೊರೆಯಬೇಕು? ಬಿದ್ದ ಗೋಡೆಗಳ ಚಿತ್ರ, ಮತ್ತು ಹೊಂಬಿಸಿಲಿನಲ್ಲಿ ಹೊಳೆಯುವ ನಿರ್ಜನವಾದ ಪಡಸಾಲೆಗಳ ಚಿತ್ರ, ಇಷ್ಟೇ ದೊರೆತರೆ ನಮ್ಮ ಕಾಲದ ಅಸಂಖ್ಯಾತ ಕ್ಯಾಮರಾಗಳು ಆತನಿಗೆ ಉಪಕಾರಮಾಡಿದಂತಾಗಲಿಲ್ಲ.

ಆದುದರಿಂದ ನಮ್ಮ ನಿರ್ಣಯವನ್ನು ಹೀಗೆ ಸಂಗ್ರಹಿಸಬಹುದು. ಪ್ರಕೃತಿಗೆ ಅನುಗುಣವಾದ ಮನೆಯ ಛಾಯಾಚಿತ್ರವು ಬಿಸಿಲು, ಮಳೆ, ಮಣ್ಣು, ವಾಸ ಎಂಬ ನಾಲ್ಕರಲ್ಲಿ ಕಡೆಯಪಕ್ಷ ಒಂದಕ್ಕೆ ಮನೆಯು ಕೊಟ್ಟ ಉತ್ತರವನ್ನು ತೋರಿಸಬೇಕು. ಹೊಸದಾಗಿ ಹೇಳಿ ಕಟ್ಟಿಸಿದ ಮನೆಗೂ ಇದೇ ಪರೀಕ್ಷೆ. ಕಟ್ಟಿದ ವರ್ಷದ ಚಿತ್ರದೊಡನೆ ಹತ್ತು ಮಳೆಗಾಲಗಳ ತರುವಾಯದ ಚಿತ್ರವನ್ನೂ ಇಟ್ಟು ನೋಡಿದರೆ ಅದು ಪ್ರಕೃತಿಯನ್ನು ಅನುಸರಿಸಿತೋ ಅನುಕರಿಸಿತೋ ತಾನಾಗಿಯೇ ತಿಳಿದುಹೋಗುತ್ತದೆ. ರಾಯಚೂರು, ದೇವದುರ್ಗ, ಮಾನ್ವಿಗಳಲ್ಲಿ ಉಳಿದಿರುವ ಮಾಳಿಗೆಯ ಮನೆಗಳನ್ನು ಅಲ್ಲಿನ ಕಾಲೇಜುಗಳ ವಿದ್ಯಾರ್ಥಿಗಳೇ ಅಂಕಣದ ಅಳತೆ, ಮಣ್ಣಿನ ಹೆಸರು, ಮನೆಯವರ ಮಾತುಗಳ ಸಹಿತವಾಗಿ, ಒಂದು ವರ್ಷದ ಎಲ್ಲ ಋತುಗಳಲ್ಲಿಯೂ ಚಿತ್ರಿಸಿ ಇಡುವುದು ದೊಡ್ಡ ವೆಚ್ಚದ ಕೆಲಸವಲ್ಲ. ಅವರಲ್ಲಿ ಅನೇಕರ ಕೈಯಲ್ಲಿ ಈಗಾಗಲೇ ಯಂತ್ರವಿದೆ, ಅನೇಕರು ಅಂಥ ಮನೆಗಳಿಂದಲೇ ಬಂದವರು. ೧೨೯೪ರಲ್ಲಿ ಉಳಿಯೊಂದೇ ಇದ್ದ ಶಿಲ್ಪಿಯು ಕಲ್ಲು ಬಂದ ದಾರಿಯನ್ನು ತೋರಿಸಿದನು. ಮಣ್ಣು ಬಂದ ದಾರಿಯನ್ನು ತೋರಿಸುವ ಕೆಲಸ ಈಗಿನವರದು. ಮುಂದಿನ ಮುಂಗಾರಿಗೆ ಮಾಳಿಗೆಗೆ ಮಣ್ಣು ಹಾಕುವವರು ಇನ್ನೂ ಇರುವಾಗಲೇ ಅದು ನಡೆಯಬೇಕು.